ಕಪ್ಪು ಗಡ್ಡ ಬಿಟ್ಟ ಕಡ್ಡಿ

ತೊಟ್ಟಿಯಲ್ಲಿ ನೆನೆದಿದ್ದ ಗಾಜಿನ ಸಾಮಾನುಗಳನ್ನು ಅವಳು ಒಂದೊಂದಾಗಿ ಎತ್ತಿ ತೊಳೆಯುತ್ತಿದ್ದಳು. ಮೊದಲು ಸೋಪು ಹಾಕಿ ಬ್ರಶ್ಶು. ಆಮೇಲೆ ನಲ್ಲಿಯ ನೀರು ಮೂರು ಸಲ, ಬಟ್ಟಿ ಇಳಿಸಿದ ನೀರು ಒಂದು ಸಲ, ಕೊನೆಗೆ ಅಸಿಟೋನ್. ತೊಳೆದದ್ದನ್ನು ಗೋಡೆಯ ಗೂಟಕ್ಕೆ ತಲೆಕೆಳಗಾಗಿ ಸಿಕ್ಕಿಸಬೇಕು.

ಬಾಗಿಲ ಬಳಿ ಸ್ಟೂಲಿನ ಮೇಲೆ ದಪ್ಪ ಮನುಷ್ಯನೊಬ್ಬ ಕೂತು ನೋಡುತ್ತಿದ್ದ. ತನಿಖೆಗೆಂದು ಕರೆಸಿದ ನಿವೃತ್ತ ಪೊಲೀಸ್ ಆತ. ಬಂದು ಎರಡೇ ದಿನಕ್ಕೆ ಪ್ರಯೋಗಾಲಯದವರು ಆತನಿಗೆ 'ನಿಧಾನಿ' ಎಂದು ಹೆಸರಿಟ್ಟಿದ್ದರು.

ಮಂಗಳವಾರ ಬೆಳಗ್ಗೆ ಪ್ರಯೋಗಾಲಯದವರು ತಯಾರಿಸಿಟ್ಟಿದ್ದ ಕಪ್ಪು ದ್ರವ ಕೆಟ್ಟು ಸೀಸೆಯ ತಳದಲ್ಲಿ ಕೆಸರಾಗಿ ಕೂತಿತ್ತು. ಅವತ್ತಿನಿಂದ ಈ ಕೋಣೆಗೆ ಬೀಗ. ಇವತ್ತು ಗುರುವಾರ ಮಧ್ಯಾಹ್ನ ನಿಧಾನಿ ತಾನೇ ಬೀಗ ತೆಗೆಸಿ, "ದಿನಾ ಹೇಗೆ ತೊಳೀತೀರೋ ಹಾಗೇ ತೊಳೀರಮ್ಮ. ನಾನು ಇಲ್ಲ ಅಂತ ಅಂದ್ಕೊಳ್ಳಿ" ಎಂದಿದ್ದ. ಅಷ್ಟು ದೊಡ್ಡ ದೇಹವನ್ನು ಇಲ್ಲ ಎಂದುಕೊಳ್ಳುವುದು ಹೇಗೆ?

ನಾಲ್ಕು ಗಂಟೆಗೆ ದೊಡ್ಡವರು, ಅಂದರೆ ಪ್ರಯೋಗಾಲಯದ ಮುಖ್ಯಸ್ಥರು, ತೀರ್ಮಾನ ಹೇಳುವವರಿದ್ದರು. ಏನು ತೀರ್ಮಾನವೆಂದು ಕಾರಿಡಾರಿನಲ್ಲಿ ಕಸ ಗುಡಿಸುವವನಿಗೂ ಗೊತ್ತಿತ್ತು. ಸೀಸೆ ತೊಳೆದವಳು ಸೋಪು ಬಿಟ್ಟಿದ್ದಾಳೆ. ಸೋಪು ತಾಗಿ ಹದಿನಾಲ್ಕು ತಿಂಗಳ ದುಡಿಮೆ ಹಾಳಾಗಿದೆ. ಅವಳನ್ನು ಕೆಲಸದಿಂದ ತೆಗೆಯುವುದು. ಸೋಪಿನ ಮಾತನ್ನು ಮೊದಲು ಆಡಿದ್ದು ಹೊರಗಿನವರಲ್ಲ, ಇಲ್ಲೇ ವಿಜ್ಞಾನಿಯಾಗಿರುವ ಅವಳ ಸ್ವಂತ ನಾದಿನಿ.

ಅದನ್ನು ನೆನೆದಾಗಲೆಲ್ಲ ಬ್ರಶ್ಶು ಗಾಜಿನ ಮೇಲೆ ಜೋರಾಗಿ ಉಜ್ಜುತ್ತಿತ್ತು.

ತೊಟ್ಟಿಯ ಮೂಲೆಯಲ್ಲಿ, ನೀರು ಒಳಹೋಗದಂತೆ ನೆಟ್ಟಗೆ ನಿಂತಿದ್ದ ಉದ್ದನೆಯ ಬೀಕರು ಸಿಕ್ಕಿತು. ಅಡಿಯಲ್ಲಿ ಕಪ್ಪು ಕೆಸರು. ಬಗ್ಗಿಸಿದಾಗ ಒಳಗೆ 'ಟಿಣ್' ಎಂದಿತು. ಬೆರಳಿಗೆ ಏನೋ ಚುಚ್ಚಿದಂತಾಯಿತು, ಮುಳ್ಳುಹಂದಿಯ ಮರಿ ಮುಟ್ಟಿದ ಹಾಗೆ.

ಬೆರಳುದ್ದದ ಕಡ್ಡಿ. ಮೈತುಂಬ ಕಪ್ಪು ಗಡ್ಡ.

ಕಲಕುವ ಕಡ್ಡಿ ಅದು; ಹೊಟ್ಟೆಯಲ್ಲಿ ಮ್ಯಾಗ್ನೆಟ್ ಇರುವಂಥದ್ದು. ಬೀಕರಿನೊಳಗೆ ಹಾಕಿ, ಬೀಕರನ್ನು ಯಂತ್ರದ ಮೇಲಿಟ್ಟರೆ ತನ್ನಷ್ಟಕ್ಕೆ ಗಿರಗಿರ ತಿರುಗುತ್ತದೆ. ಇಲ್ಲಿ ಅಂಥವು ಡಬ್ಬಿಗಟ್ಟಲೆ ಇದ್ದವು, ಎಲ್ಲವೂ ಬಿಳಿ ಪ್ಲಾಸ್ಟಿಕ್ಕಿನವು. ಇದು ಗಾಜಿನದು. ಗಡ್ಡದ ನಡುವೆ, ಒಂದು ತುದಿಯಲ್ಲಿ, ಸಾಸಿವೆ ಕಾಳಿನಷ್ಟು ನೀಲಿ ಚುಕ್ಕೆ.

ಆ ನೀಲಿ ಚುಕ್ಕೆ ಅವಳಿಗೆ ತನ್ನ ಅಂಗೈ ಗೆರೆಯಷ್ಟೇ ಪರಿಚಿತ. ಅದು ಅವಳ ಗಂಡನ ಕೈಗುರುತು. ಇದೇ ಪ್ರಯೋಗಾಲಯದಲ್ಲಿ ಗಾಜು ಊದುವ ಕೆಲಸ ಅವನದು. ತಂಗಿಗೆ ಡಾಕ್ಟರೇಟು ಬಂದ ವಾರ, ಬೆಂಕಿಯ ಕಾವಿಗೆ ಮ್ಯಾಗ್ನೆಟ್ ಸಾಯದಂತೆ ಒದ್ದೆ ಬಟ್ಟೆ ಸುತ್ತಿ ಸುತ್ತಿ, ನಾಲ್ಕು ಸಲ ಒಡೆದು, ಐದನೇ ಸಲಕ್ಕೆ ಗಾಜಿನೊಳಗೆ ಕೂರಿಸಿದ್ದ. "ಪ್ಲಾಸ್ಟಿಕ್ಕಿನದು ಎಲ್ಲರ ಹತ್ರ ಇರತ್ತೆ. ಇಂಥದ್ದು ನಮ್ಮ ಪಾಪು ಹತ್ರ ಮಾತ್ರ" ಎಂದು ಮನೆಯಲ್ಲಿ ಎಲ್ಲರಿಗೂ ತೋರಿಸಿದ್ದ.

ಪಾಪುವಿಗೆ ಮೂವತ್ತೆರಡು ವರ್ಷ. ಆದರೂ ಮನೆಯಲ್ಲಿ ಪಾಪು. ಪಾಪು ಬರುವ ತನಕ ಒಲೆ ಆರಿಸುವ ಹಾಗಿಲ್ಲ, ಪಾಪು ಮಲಗಿದ್ದರೆ ಪಾತ್ರೆ ಸದ್ದು ಮಾಡುವ ಹಾಗಿಲ್ಲ. ಒಮ್ಮೆ ಅವಳೇ ನಾಚಿಕೆ ಬಿಟ್ಟು ಗಂಡನನ್ನು ಕೇಳಿದ್ದಳು: ನನಗೂ ಒಂದು ಗಾಜಿನ ಗುಬ್ಬಿ ಮಾಡಿಕೊಡ್ತೀರಾ? "ನೋಡೋಣ" ಎಂದಿದ್ದ. ಮೂರು ವರ್ಷದಿಂದ ನೋಡುತ್ತಲೇ ಇದ್ದಾನೆ.

ಅವಳು ಕಡ್ಡಿಯನ್ನು ಏಪ್ರನ್ನಿನ ಜೇಬಿಗೆ ಇಳಿಸಿದಳು. ಬೀಕರನ್ನು ತೊಳೆದು ಗೂಟಕ್ಕೆ ಹಾಕಿದಳು. ಭಯ ಎಷ್ಟೋ, ಖುಷಿಯೂ ಅಷ್ಟೇ. ಪಾಪು ಸಿಕ್ಕಿಬಿದ್ದಳೆಂದು ಖುಷಿ ಪಟ್ಟಿದ್ದಕ್ಕೆ ನಾಚಿಕೆಯಾಯಿತು. ಆದರೂ ಖುಷಿ ಕಡಿಮೆಯಾಗಲಿಲ್ಲ.

ಕೊನೆಯ ಫನೆಲ್ಲು ಗೂಟಕ್ಕೇರಿದ ಮೇಲೆ ನಿಧಾನಿ ಆಕಳಿಸಿದ.

"ಎಷ್ಟು ಚೆನ್ನಾಗಿ ತೊಳೀತೀರಮ್ಮ. ನಮ್ಮ ಮನೇಲಿ ನಾನು ತೊಳೆದ ಲೋಟಾನ ನಮ್ಮಾಕೆ ಮತ್ತೆ ತೊಳೀತಾಳೆ."

ಅವಳು ಏಪ್ರನ್ನಿಗೆ ಒದ್ದೆ ಕೈ ಒರೆಸಿಕೊಂಡಳು.

"ಸೋಪು ಉಳಿಯೋ ಮಾತೇ ಇಲ್ಲ. ಐದು ಸಲ ಜಾಲಾಡಿಸ್ತೀರಿ. ಅದನ್ನ ಬರ್ಕೊಂಡಿದ್ದೀನಿ."

"ಹಾಗಾದ್ರೆ ದೊಡ್ಡವರಿಗೆ ಹೇಳಿ ಸಾರ್."

"ಹೇಳ್ಬೋದು. ಆದ್ರೆ ಅವರು ಕೇಳ್ತಾರೆ, ಇವತ್ತು ನೀನು ನೋಡ್ತಿದ್ದೆ ಅಂತ ಐದು ಸಲ ತೊಳೆದಳು, ಸೋಮವಾರ ಎಷ್ಟು ಸಲ ತೊಳೆದಳೋ ಯಾವನಿಗೆ ಗೊತ್ತು ಅಂತ." ಆತ ಸ್ಟೂಲಿನಿಂದ ಏಳದೆಯೇ ಕಾಲು ಚಾಚಿದ. "ತೊಟ್ಟಿಯಿಂದ ಹದಿನೇಳು ಸಾಮಾನು ತೆಗೆದ್ರಿ. ಗೂಟದಲ್ಲಿ ಹದಿನಾರು ಇದೆ. ಒಂದು ಏಪ್ರನ್ನಿಗೆ ಹೋಯ್ತು. ನಿಮ್ಮ ಜೇಬಿಗೆ ನಾನು ಕೈ ಹಾಕೋದು ಚೆನ್ನಾಗಿರಲ್ಲ. ನೀವೇ ತೆಗೀರಿ."

ನಿಧಾನಿಯಂತೆ! ಹದ್ದಿನ ಕಣ್ಣಿನವನಿಗೆ ಯಾವ ಪುಣ್ಯಾತ್ಮ ಈ ಹೆಸರಿಟ್ಟನೋ.

ಅವಳು ಕಡ್ಡಿಯನ್ನು ತೆಗೆದು ಟವೆಲಿನ ಮೇಲಿಟ್ಟಳು.

"ಯಾಕೆ ಬಚ್ಚಿಟ್ರಿ?"

"ನಾನು ತೋರಿಸಿದ್ರೆ ಯಾರೂ ನಂಬಲ್ಲ ಸಾರ್."

"ನಾನು ಯಾರೂ ಅಲ್ವಾ? ಮೊದಲು ಇದೇನು ಅಂತ ನನಗೆ ಅರ್ಥ ಆಗೋ ಹಾಗೆ ಹೇಳಿ. ನನಗೆ ಅರ್ಥ ಆಗೋ ತನಕ ಅಪರಾಧ ನಡೆದೇ ಇಲ್ಲ ಅಂತ ಲೆಕ್ಕ."

ಅವಳು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆದರೆ ಆರು ವರ್ಷ ಈ ಕೋಣೆಯಲ್ಲಿ ನಿಂತು, ಬಂದು ಹೋಗುವವರ ಮಾತನ್ನೆಲ್ಲ ಕಿವಿಯಲ್ಲಿ ಸೋಸಿಕೊಂಡಿದ್ದಳು. ನಾದಿನಿ ಊಟದ ಹೊತ್ತಿಗೆ ಹೇಳಿದ್ದೂ ನೆನಪಿತ್ತು.

"ಆ ಕಪ್ಪು ದ್ರವದಲ್ಲಿರೋದು ಕಬ್ಬಿಣದ ಆಕ್ಸೈಡು ಸಾರ್. ತುಕ್ಕಿನ ಹತ್ತಿರದ ಸಂಬಂಧಿ. ಕೂದಲನ್ನ ಸಾವಿರಾರು ಸಲ ಸೀಳಿದ್ರೆ ಎಷ್ಟಾಗತ್ತೋ ಅಷ್ಟು ಸಣ್ಣ ಕಣ. ನ್ಯಾನೊ ಅಂತಾರೆ. ಸುಮ್ನೆ ಬಿಟ್ರೆ ಒಂದನ್ನೊಂದು ತಬ್ಬಿಕೊಂಡು ತಳಕ್ಕೆ ಕೂತುಬಿಡತ್ತೆ. ಅದಕ್ಕೆ ಒಂದೊಂದು ಕಣಕ್ಕೂ ಕೋಟು ಹಾಕ್ತಾರೆ. ಪಾಲಿಮರ್ ಕೋಟು. ಮರದ ಹಾಗೆ ಕವಲೊಡೆದಿರತ್ತೆ. ಒಂದು ಕೊಂಬೆ ಎರಡು, ಎರಡು ನಾಲ್ಕು, ನಾಲ್ಕು ಎಂಟು."

"ಎಲೆ ಇಲ್ವಾ?"

"ಇದೆಯಲ್ಲ. ಕೊಂಬೆ ತುದೀಲಿ ಕಡ್ಡಿ ಕಡ್ಡಿಯಾಗಿ ದ್ರವ ಹರಳು. ಅದು ನೀರಿನ ಹಾಗೆ ಹರಿಯತ್ತೆ, ಆದ್ರೆ ಹರಳಿನ ಹಾಗೆ ಸಾಲಾಗಿ ನಿಲ್ಲತ್ತೆ. ಕ್ಯಾಲ್ಕ್ಯುಲೇಟರಿನಲ್ಲಿ ಅಂಕಿ ಮೂಡಿಸೋದು ಇಂಥದ್ದೇ. ಆ ಕೊಂಬೆಗಳೇ ಕಣಗಳನ್ನ ಒಂದಕ್ಕೊಂದು ತಾಗದ ಹಾಗೆ ದೂರ ಇಡತ್ತೆ. ನಮ್ಮ ನಾದಿನಿ ಹೇಳ್ತಿದ್ದಳು, 'ಅತ್ತಿಗೆ, ಇದು ಕೂಡು ಕುಟುಂಬ ಇದ್ದ ಹಾಗೆ. ನಡುವೆ ಸ್ವಲ್ಪ ಜಾಗ ಬಿಟ್ಟರೆ ಎಲ್ಲರೂ ತೇಲ್ತಾರೆ, ಇಲ್ಲಾಂದ್ರೆ ಮುಳುಗ್ತಾರೆ' ಅಂತ."

"ಬುದ್ಧಿವಂತೆ."

ಹೊರಗಿನಿಂದ ಬಂದವನ ಬಾಯಲ್ಲೂ ಪಾಪುವಿನ ಹೊಗಳಿಕೆಯೇ!

"ಬುದ್ಧಿವಂತೆ ಏನು, ಆ ಕವಲು ಪಾಲಿಮರ್ ಮಾಡಿದ್ದೇ ಅವಳು. ಕಬ್ಬಿಣ ಮಾಡಿದ್ದು ಎದುರು ಕೋಣೆಯ ಮೇಷ್ಟ್ರು. ಅವರ ಕೋಣೆಗೆ ಯಾರೂ ಮ್ಯಾಗ್ನೆಟ್ ಒಯ್ಯೋ ಹಾಗಿಲ್ಲ. ಬಾಗಿಲಿಗೇ ಬೋರ್ಡು ಹಾಕಿದ್ದಾರೆ. ಮ್ಯಾಗ್ನೆಟ್ ಇಟ್ಟರೆ ಕಣ ಎಲ್ಲ ಬಂದು ಅದಕ್ಕೇ ಅಂಟಿಕೊಳ್ಳತ್ತೆ. ಅವರು ಕಲಕೋದು ಮೇಲಿನಿಂದ, ಮೋಟಾರಿಗೆ ಗಾಜಿನ ಸರಳು ಕಟ್ಟಿ. ನಿದ್ದೆಗಣ್ಣಲ್ಲಿ ಎಬ್ಬಿಸಿ ಕಲಕು ಅಂದ್ರೂ ಅವರ ಕೈ ಸರಳಿಗೇ ಹೋಗತ್ತೆ."

"ಕವಲಿನ ಕೋಣೇಲಿ?"

"ಅಲ್ಲಿ ಕಬ್ಬಿಣ ಇಲ್ಲ. ದಿನವೆಲ್ಲ ಇಂಥ ಕಡ್ಡಿ ಹಾಕಿಯೇ ಕಲಕ್ತಾರೆ. ಅಭ್ಯಾಸ."

ನಿಧಾನಿ ಬಗ್ಗಿ ಕಡ್ಡಿಯ ಗಡ್ಡವನ್ನು ಮೂಸಿದ. "ಸ್ಪಿರಿಟ್ಟಿನ ವಾಸನೆ ಇದೆಯಲ್ಲ ಇನ್ನೂ."

"ಸ್ಪಿರಿಟ್ ಸುರಿದು ಸುರಿದು ಕಲಕಿದ್ರೆ ಕೋಟು ಕಳಚಿ ಹೋಗತ್ತೆ ಸಾರ್. ಯಾರೋ ಸೋಮವಾರ ಸಂಜೆ ದ್ರವಾನ ಈ ಬೀಕರಿಗೆ ಬಗ್ಗಿಸಿ, ಹಾಳು ಮಾಡಿ, ತಿರುಗಿ ಸೀಸೆಗೆ ತುಂಬಿದ್ದಾರೆ. ಕಡ್ಡಿ ಕೆಸರಲ್ಲಿ ಉಳ್ಕೊಂಡಿದೆ. ಬೀಕರನ್ನ ನನ್ನ ತೊಟ್ಟಿಗೆ ಹಾಕಿದ್ದಾರೆ. ತೊಳೆಯೋಳು ತೊಳೆದು ಹಾಕ್ತಾಳೆ, ಅವಳಿಗೇನು ಗೊತ್ತಾಗತ್ತೆ ಅಂತ." ಅವಳ ದನಿ ತಾನಾಗಿ ಏರಿತ್ತು. "ಕಬ್ಬಿಣದ ಕೆಲಸ ಗೊತ್ತಿರೋರು ಯಾರೂ ಇದನ್ನ ಹಾಕಲ್ಲ. ಅದೂ ಈ ಗಾಜಿನ ಕಡ್ಡಿ ಇರೋದು ಒಬ್ಬಳ ಹತ್ರ ಮಾತ್ರ."

ನಿಧಾನಿ ಎದ್ದ. ಎರಡು ದಿನದಲ್ಲಿ ಆತ ಅಷ್ಟು ಬೇಗ ಎದ್ದದ್ದನ್ನು ಯಾರೂ ನೋಡಿರಲಿಲ್ಲ. ಬಾಗಿಲು ತೆರೆದು ಕಾರಿಡಾರಿಗೆ ಹೇಳಿದ: "ಡಾಕ್ಟರಮ್ಮನ್ನ ಸ್ವಲ್ಪ ಕರೀರಪ್ಪ."

* * *

ನಾದಿನಿ ಬಂದಳು. ಬಿಳಿ ಕೋಟಿನ ತೋಳು ಮಡಚಿತ್ತು. ಕಣ್ಣಿನ ಕೆಳಗೆ ಎರಡು ದಿನದ ಕಪ್ಪು.

"ಏನತ್ತಿಗೆ, ಊಟ ಮಾಡಿದ್ರಾ?"

ಸೋಪಿನ ಸುಳ್ಳು ಹೇಳಿ ಕುತ್ತಿಗೆಗೆ ತಂದವಳು ಊಟ ವಿಚಾರಿಸುತ್ತಿದ್ದಾಳೆ! ಅವಳ ನಾಲಿಗೆಗೆ ಎಂದೂ ಇಲ್ಲದ ಹರಿತ ಬಂತು.

"ಮಾಡಿದೆ ಪಾಪು. ನಿನ್ನ ಸೋಪಲ್ಲೇ ಕಲಸ್ಕೊಂಡು ಉಂಡೆ."

ನಾದಿನಿ ತಲೆ ತಗ್ಗಿಸಿದಳು. "ಆ ಮಾತು... ಮನೇಲಿ ಹೇಳೋಣ ಅಂತಿದ್ದೆ."

"ಮನೇಲಿ ಯಾಕೆ? ಅಲ್ಲಿ ನಿನ್ನ ಮುಂದೆ ನಾನು ಬಾಯಿ ಬಿಡೋಕಾಗತ್ತಾ? ಇಲ್ಲೇ ಹೇಳು. ನಾಲ್ಕು ಗಂಟೆಗೆ ನನ್ನ ಕೆಲಸ ಹೋಗತ್ತೆ. ತೊಳೆಯೋದೂ ಬರಲ್ಲ ಅಂತ ಹೆಸರು ಬೇರೆ. ನೀನು ಕೊಡಿಸಿದ ಕೆಲಸ ಅಂತ ಆರು ವರ್ಷ ತಲೆ ಬಗ್ಗಿಸಿದ್ದೀನಿ. ಕಿತ್ಕೊಳ್ಳೋದೂ ನೀನೇನಾ?"

"ಕಡ್ಡೀನ ಗುಡ್ಡ ಮಾಡಬೇಡಿ ಅತ್ತಿಗೆ..."

"ಕಡ್ಡೀನೇ ತಗೋ!" ಅವಳು ಟವೆಲನ್ನು ಮುಂದಕ್ಕೆ ತಳ್ಳಿದಳು. "ಯಾರದಿದು? ನಿಮ್ಮಣ್ಣ ಮುದ್ದಿನ ತಂಗಿಗೆ ಮಾಡಿಕೊಟ್ಟಿದ್ದು. ನನ್ನ ತೊಟ್ಟೀಲಿ ಸಿಕ್ತು, ಗಡ್ಡ ಸಮೇತ."

ನಾದಿನಿ ನೋಡಿದಳು. ಮುಖ ಸುಣ್ಣದ ಹಾಗೆ ಬಿಳುಚಿತು. ಅದನ್ನು ಕಂಡು ಅತ್ತಿಗೆಯ ಹೊಟ್ಟೆ ತಣ್ಣಗಾಗಬೇಕಿತ್ತು. ಒಂದು ಕ್ಷಣ ಆಯಿತು ಕೂಡ.

ನಾದಿನಿ ಕೋಟಿನ ಮೇಲ್ಜೇಬಿನಿಂದ ಪೆನ್ನು ತೆಗೆದಳು, ಸಣ್ಣ ಚಮಚ ತೆಗೆದಳು, ಕೊನೆಗೆ ಇನ್ನೊಂದು ಕಡ್ಡಿ ತೆಗೆದಳು. ಗಾಜಿನದು. ಕನ್ನಡಿಯಷ್ಟು ಸ್ವಚ್ಛ. ತುದಿಯಲ್ಲಿ ನೀಲಿ ಚುಕ್ಕೆ.

"ನನ್ನದು ಇಲ್ಲಿದೆ ಅತ್ತಿಗೆ. ಒಂದು ದಿನವೂ ಇದನ್ನ ಕೆಲಸಕ್ಕೆ ಹಾಕಿಲ್ಲ. ಒಡೆದುಹೋಗತ್ತೆ ಅಂತ ಭಯ."



"ಎರಡಿತ್ತಾ?" ಎಂದ ನಿಧಾನಿ.

"ಎರಡು ಮಾಡಿದ್ದ." ನಾದಿನಿ ಅಣ್ಣನ ಹೆಂಡತಿಯನ್ನೇ ನೋಡುತ್ತಿದ್ದಳು. "ನನ್ನದಕ್ಕೆ ಒಂದು ಚುಕ್ಕೆ. ಇನ್ನೊಂದಕ್ಕೆ ಎರಡು, ಎರಡೂ ತುದೀಲಿ ಒಂದೊಂದು."

ನಿಧಾನಿ ಟಿಶ್ಯೂ ಕಾಗದ ಕಿತ್ತು ಅತ್ತಿಗೆಯ ಕೈಗೆ ಕೊಟ್ಟ. "ಒರೆಸಿ."

ಗಡ್ಡ ಸುಲಭಕ್ಕೆ ಬಿಡಲಿಲ್ಲ. ಒರೆಸಿದಷ್ಟೂ ಜಾರಿ ಮತ್ತೆ ತುದಿಗೇ ಹೋಗಿ ಅಂಟುತ್ತಿತ್ತು. ಅವಳು ಉಗುರಿನಿಂದ ಕೆರೆದಳು. ಕಾಗದ ಕಪ್ಪಾಯಿತು, ಬೆರಳು ಕಪ್ಪಾಯಿತು. ಕೊನೆಗೆ ಇನ್ನೊಂದು ತುದಿಯಲ್ಲೂ ನೀಲಿ ಕಾಣಿಸಿತು.

ಎರಡು ಚುಕ್ಕೆ.

"ಯಾರಿಗೆ ಮಾಡಿದ್ದು ಇದನ್ನ?" ನಿಧಾನಿಯ ದನಿಯಲ್ಲಿ ಆಕಳಿಕೆ ಇರಲಿಲ್ಲ.

ನಾದಿನಿ ತನ್ನ ಕಡ್ಡಿಯನ್ನು ಜೇಬಿಗೆ ಹಾಕಿದಳು. "ಅತ್ತಿಗೆಗೆ."

"ಏನು?" ಎಂದಳು ಅತ್ತಿಗೆ.

"ನಿಮಗೇ ಅತ್ತಿಗೆ. ಅಣ್ಣನ ಮೇಜಿನ ಮೇಲೆ ಎರಡೂ ಪಕ್ಕಪಕ್ಕ ಇತ್ತು. ಇದು ಯಾರಿಗೆ ಅಂತ ಕೇಳಿದೆ. 'ನಿಮ್ಮತ್ತಿಗೆಗೆ. ಅವಳಿಗೆ ಎರಡು ಚುಕ್ಕೆ' ಅಂದ. ನಾನು ಮುಖ ಊದಿಸ್ಕೊಂಡು ಬಂದೆ." ಅವಳು ನಗಲು ಹೋಗಿ ಸೋತಳು. "ನನಗೊಬ್ಬಳಿಗೇ ಅಂದ್ಕೊಂಡಿದ್ದೆ. ನಿಮಗೆ ಎರಡು ಚುಕ್ಕೆ, ನನಗೆ ಒಂದು. ಒಂದು ತಿಂಗಳು ನಿಮ್ಮ ಹತ್ರ ಸರಿಯಾಗಿ ಮಾತಾಡಿರಲಿಲ್ಲ, ನೆನಪಿದೆಯಾ? ಹೊಟ್ಟೆಕಿಚ್ಚು."

ಆ ತಿಂಗಳು ನೆನಪಿತ್ತು. ಓದಿದವಳ ಜಂಭ ಎಂದುಕೊಂಡಿದ್ದಳು.

"ಮಂಗಳವಾರ ಸೀಸೆಯ ಮುಚ್ಚಳ ತೆಗೆದಾಗಲೇ ಸ್ಪಿರಿಟ್ ವಾಸನೆ ಬಂತು" ಎಂದಳು ನಾದಿನಿ, ಈಗ ನಿಧಾನಿಯ ಕಡೆ ತಿರುಗಿ. "ಯಾರೋ ಬೇಕಂತಲೇ ಮಾಡಿದ್ದು ಅಂತ ಗೊತ್ತಾಯ್ತು. ಸೋಮವಾರ ಸಂಜೆ ಕೊನೇಲಿ ಈ ಕಡೆ ಇದ್ದೋರು ಅತ್ತಿಗೆ. ನನ್ನ ಮೇಲೆ ಅವರಿಗೆ ಸಿಟ್ಟಿದೆ ಅಂತ ನನಗೆ ಗೊತ್ತಿಲ್ವಾ? ಅದಕ್ಕೇ ಸೋಪು ಅಂದೆ. ಸೋಪು ಅಂದ್ರೆ ಕೈತಪ್ಪು. ಕೆಲಸ ಹೋಗಬಹುದು, ಜೈಲಂತೂ ಇಲ್ಲ. ಮನೆಯ ಮಾನ ಮನೇಲೇ ಉಳಿಯತ್ತೆ ಅಂತ."

ಅತ್ತಿಗೆ ತನ್ನ ಕಪ್ಪಾದ ಬೆರಳು ನೋಡಿಕೊಂಡಳು. ಎರಡು ದಿನ ಶಾಪ ಹಾಕಿದ್ದು ಯಾವ ಮಾತಿಗೋ, ಆ ಮಾತೇ ಅವಳನ್ನು ಕಾಯುತ್ತಿತ್ತು. ಅದನ್ನು ಅವಳೇ ಈಗ ತನ್ನ ಕೈಯಾರೆ ಒರೆಸಿ ತೆಗೆದಿದ್ದಳು.

"ನೀವೇನಾ ಅತ್ತಿಗೆ?" ನಾದಿನಿ ಮೆಲ್ಲನೆ ಕೇಳಿದಳು.

"ನನಗೆ... ನನ್ನ ಕೈಗೆ ಇದು ಬರಲೇ ಇಲ್ಲ ಪಾಪು." ಅವಳು ಕಡ್ಡಿಯನ್ನು ಎತ್ತಿ ಹಿಡಿದಳು. "ಇಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ. ಗೊತ್ತಿದ್ರೆ ಟವೆಲಿನ ಮೇಲಿಟ್ಟು ನಾನೇ ತಂದು ತೋರಿಸ್ತಿದ್ನಾ?"

"ತೋರಿಸಲಿಲ್ಲವಲ್ಲಮ್ಮ" ಎಂದ ನಿಧಾನಿ. "ಬಚ್ಚಿಟ್ರಿ. ನಾನು ಕೇಳಿದ ಮೇಲೆ ತೆಗೆದ್ರಿ. ಕೋಟು ಕಳಚೋದು ಹೇಗೆ ಅಂತಲೂ ನೀವೇ ಹೇಳಿಕೊಟ್ರಿ." ಆತ ಗಡಿಯಾರ ನೋಡಿದ. "ಮೂರು ನಲವತ್ತು. ನಾಲ್ಕಕ್ಕೆ ದೊಡ್ಡವರ ಮುಂದೆ ನಾನು ಏನಾದ್ರೂ ಒಂದು ಹೇಳಬೇಕು. ಈ ಕಡ್ಡಿ ನಿಮ್ಮ ಕೈಗೆ ಬಂದಿಲ್ಲ ಅಂತ ಹೇಳೋಕೆ ಲೋಕದಲ್ಲಿ ಒಬ್ಬರೇ ಇದ್ದಾರೆ."

ಅವಳು ಆಗಲೇ ಬಾಗಿಲು ದಾಟಿದ್ದಳು.

* * *

ಗಾಜು ಊದುವ ಕೋಣೆ ಕಾರಿಡಾರಿನ ಕೊನೆಗೆ. ಇಪ್ಪತ್ತೆಂಟು ಹೆಜ್ಜೆ. ಅಷ್ಟು ಹೆಜ್ಜೆಯಲ್ಲಿ ಅವಳ ಮನಸ್ಸು ಹೋಗಬಾರದ ಕಡೆಗೆಲ್ಲ ಹೋಗಿ ಬಂತು.

ತನಗೆಂದು ಮಾಡಿದ. ಎರಡು ಚುಕ್ಕೆ ಇಟ್ಟ. ತಂಗಿಯ ಮುಂದೆ ತನ್ನ ಹೆಸರು ಹೇಳಿದ. ಕೊಡಲಿಲ್ಲ. ಒಂದೋ ಅದು ಇಷ್ಟು ದಿನ ಅವನ ಹತ್ತಿರವೇ ಇತ್ತು. ಇಲ್ಲವೇ ಇನ್ಯಾರಿಗೋ ಕೊಟ್ಟ. ಯಾರಿಗೆ? ಯಾವ ಕೈಗೆ?

ಇಷ್ಟು ವರ್ಷ ನಾದಿನಿಯ ಮೇಲೆ ಉರಿಸಿದ್ದ ಕಿಚ್ಚು ಬರೀ ಹೊಗೆ ಎನಿಸಿತು. ಈಗ ಹೊತ್ತಿದ್ದು ಬೇರೆ. ಇದಕ್ಕೆ ಮುಖ ಇರಲಿಲ್ಲ, ಹೆಸರೂ ಇರಲಿಲ್ಲ. ಮುಖವಿಲ್ಲದವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ.

ಅವನು ಬರ್ನರಿನ ಮುಂದೆ ಕೂತಿದ್ದ. ಕಣ್ಣಿಗೆ ಕಪ್ಪು ಕನ್ನಡಕ. ಬಾಯಲ್ಲಿ ಊದುವ ರಬ್ಬರ್ ಕೊಳವೆ. ಎರಡೂ ಕೈಯಲ್ಲಿ ಗಾಜಿನ ನಳಿಕೆ ಒಂದೇ ಸಮನೆ ಉರುಳುತ್ತಿತ್ತು. ನಡುವೆ ಕಿತ್ತಳೆ ಬಣ್ಣಕ್ಕೆ ಕಾದ ಗುಳ್ಳೆ. ಬಾಯಲ್ಲಿ ಕೊಳವೆ ಇದ್ದಾಗ ಅವನನ್ನು ಮಾತಾಡಿಸಬಾರದು ಎಂಬುದು ಇಲ್ಲಿ ಎಲ್ಲರಿಗೂ ತಿಳಿದ ನಿಯಮ. ಅವಳು ಒಮ್ಮೆಯೂ ಮುರಿದಿರಲಿಲ್ಲ.

"ರೀ."

ಅವನು ತಿರುಗಿದ. ಮೊದಲು ಹೆಂಡತಿಯನ್ನು ಕಂಡ, ಆಮೇಲೆ ಅವಳ ಹಿಂದೆ ತಂಗಿಯನ್ನು, ಅವಳ ಹಿಂದೆ ಬಾಗಿಲು ತುಂಬಿ ನಿಂತ ನಿಧಾನಿಯನ್ನು. ಕೊನೆಗೆ ಹೆಂಡತಿಯ ಕಪ್ಪಾದ ಅಂಗೈಯಲ್ಲಿದ್ದುದನ್ನು ಕಂಡ.

ಕೊಳವೆ ಬಾಯಿಂದ ಜಾರಿತು.

"ಇದು ನಿಮ್ಮ ಕೆಲಸವೇ ತಾನೆ?" ಎಂದ ನಿಧಾನಿ.

ಅವನು ಹೌದೆಂದು ತಲೆಯಾಡಿಸಿದ.

"ನಿಮ್ಮಾಕೆಗೆ ಅಂತ ಮಾಡಿದ್ದು?"

ಮತ್ತೆ ತಲೆಯಾಡಿಸಿದ.

"ಕೊಟ್ರಾ?"

ಅವನ ಕೈಗಳು ನಿಂತವು. ಗಾಜು ಕಾದಿರುವಾಗ ಕೈ ನಿಲ್ಲಿಸಬಾರದು ಎಂದು ಹೊಸಬರಿಗೆ ಗದರಿಸುವವನು ಅವನೇ. ಗುಳ್ಳೆ ಮೆಲ್ಲಗೆ ಒಂದು ಕಡೆಗೆ ವಾಲಿತು, ಜೋತಿತು, ಜೇನಿನಂತೆ ಕೆಳಗೆ ಇಳಿಯತೊಡಗಿತು. ಅವನು ಅದನ್ನು ನೋಡಲೇ ಇಲ್ಲ. ಕಪ್ಪು ಕನ್ನಡಕದ ಹಿಂದೆ ಅವನು ಯಾರ ಕಡೆ ನೋಡುತ್ತಿದ್ದಾನೆ ಎಂಬುದು ತಿಳಿಯುತ್ತಿರಲಿಲ್ಲ.

"ಅಣ್ಣಾ?" ಎಂದಳು ನಾದಿನಿ.

ಬರ್ನರು ಭುಸುಗುಡುತ್ತಿತ್ತು. ಕಾರಿಡಾರಿನ ಆ ತುದಿಯಲ್ಲಿ ದೊಡ್ಡವರ ಕೋಣೆಯ ಬಾಗಿಲು ತೆರೆದ ಸದ್ದಾಯಿತು. ಯಾರೋ ಕುರ್ಚಿಗಳನ್ನು ಎಳೆದು ಸಾಲಾಗಿ ಜೋಡಿಸುತ್ತಿದ್ದರು.

ಹೌದು ಎಂದರೆ ಅವಳಿಗೆ ಜೈಲು, ಇಲ್ಲ ಎಂದರೆ ಮುಂದಿನ ಪ್ರಶ್ನೆ ಅವನಿಗೆ. ಅವಳು ಒಂದು ಹೆಜ್ಜೆ ಮುಂದೆ ಇಟ್ಟಳು. ಬೆಂಕಿಯ ಕಾವು ಮುಖಕ್ಕೆ ಹೊಡೆಯಿತು.

"ಯಾರಿಗೆ ಕೊಟ್ರಿ ಅಂತ ಕೇಳಲ್ಲ ರೀ. ಮನೇಲೂ ಕೇಳಲ್ಲ, ಯಾವತ್ತೂ ಕೇಳಲ್ಲ. ನನಗೆ ಕೊಡಲಿಲ್ಲ ಅಂತ ಅಷ್ಟು ಮಾತ್ರ ಇವರಿಗೆ ಹೇಳಿ."